ಕಂಡದ್ದನ್ನು ಅಂದೇ ಹೇಳಿ

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಲ್ಲಿ, ವಿಶೇಷ ಶಾಲೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಸಹಾಯಕರಾಗಿ ದುಡಿಯುವವರು ಈಗ ಬೆಳಗಿನ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿರುತ್ತೀರಿ. ಬುತ್ತಿ ಕಟ್ಟುತ್ತಲೇ ಕೇಳಿ. ಉಳಿದ ಕೇಳುಗರಿಗೆ ಒಂದೇ ಮಾತು: ಪಾರ್ಶ್ವವಾಯು ಬಡಿದವರಿಗೆ, ಬಿದ್ದು ಕೈ ಮುರಿದುಕೊಂಡವರಿಗೆ ಉಣ್ಣುವುದು, ಉಡುವುದು, ಮೀಯುವುದು, ತಮ್ಮ ದುಡಿಮೆಗೆ ಮರಳುವುದು ಇವನ್ನೆಲ್ಲ ಮತ್ತೆ ರೂಢಿ ಮಾಡಿಸುವುದೇ ಆಕ್ಯುಪೇಷನಲ್ ಥೆರಪಿ.

ನನಗೆ ಕೊಟ್ಟಿರುವ ವಿಷಯ ಸಹಾಯಕರ ನಾಯಕತ್ವ. ‘ನಾನು ಬರೀ ಸಹಾಯಕಿ, ನನಗೆಂಥ ನಾಯಕತ್ವ?’ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸಹಾಯಕರು ಮುಂದಾಳುಗಳಾಗಲು ಕುರ್ಚಿ ಬೇಡ, ಪ್ರಮಾಣಪತ್ರವೂ ಬೇಡ. ಕಂಡದ್ದನ್ನು ಅಂದೇ ಹೇಳಿದರೆ ಸಾಕು.

ಒಂದು ಪ್ರಸಂಗ ಹೇಳುತ್ತೇನೆ. ಉಡುಪಿ ಬಳಿಯ ಶಂಕರಪುರದ ಕಡೆಯ ಒಬ್ಬ ಅಮ್ಮ, ವಯಸ್ಸು ಅರವತ್ತು ದಾಟಿತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗೈ ಸೋತಿತ್ತು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿಯೇ ಸಂಸಾರ ನಡೆಸಿದವರು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಲೆಕ್ಕ ಬೆರಳ ತುದಿಯಲ್ಲೇ ಇತ್ತು. ಮತ್ತೆ ಹೂ ಕಟ್ಟಬೇಕೆಂಬುದೇ ಅವರ ಹಟ. ಕಾಗದದ ಮೇಲೆ ಬರೆಸಿ ನೋಡುವ ಪರೀಕ್ಷೆಗಳನ್ನೆಲ್ಲ ಥೆರಪಿಸ್ಟ್ ಆಗಿ ನಾನೇ ಮಾಡಿದ್ದೆ, ದೋಷವೇನೂ ಕಾಣಲಿಲ್ಲ. ಆದರೆ ಊಟದ ನಡುವೆಯೇ ಕೈ ನಿಂತುಬಿಡುತ್ತಿತ್ತು. ಹಸಿವಿಲ್ಲ, ಮನಸ್ಸು ಕುಗ್ಗಿದೆ ಎಂದು ಬರೆದಿಟ್ಟೆ.

ಮಗ ದಿನವೂ ಮನೆಯಿಂದ ಕುಚ್ಚಲಕ್ಕಿ ಅನ್ನ ತರುತ್ತಿದ್ದ. ಬಾಳೆಲೆಯಲ್ಲಿ ಬಡಿಸುವ ಕ್ರಮದಲ್ಲೇ ತಟ್ಟೆಯ ಎಡತುದಿಗೆ ಉಪ್ಪಿನಕಾಯಿ ಹಾಕುತ್ತಿದ್ದ. ಅಮ್ಮನದು ದಿನವೂ ಒಂದೇ ದೂರು: ‘ಉಪ್ಪಿನಕಾಯಿ ಹಾಕಲೇ ಇಲ್ಲವಲ್ಲ ಮಾರಾಯ!’ ಮಗ ಬೇಸರದಿಂದ ಸುಮ್ಮನಾಗುತ್ತಿದ್ದ. ನಮ್ಮ ಸಹಾಯಕಿ ಮಾತ್ರ ತಟ್ಟೆಯನ್ನು ಮೆಲ್ಲನೆ ಅರ್ಧ ಸುತ್ತು ತಿರುಗಿಸುತ್ತಿದ್ದಳು. ಉಪ್ಪಿನಕಾಯಿ ಬಲಗಡೆಗೆ ಬರುತ್ತಿತ್ತು, ಅಮ್ಮನ ಮುಖ ಅರಳುತ್ತಿತ್ತು, ಉಳಿದ ಅನ್ನವೂ ಖಾಲಿಯಾಗುತ್ತಿತ್ತು. ಐದು ದಿನ ಹೀಗೇ ನಡೆಯಿತು. ಆರನೆಯ ದಿನ ಅವಳು ರಜೆ ಹಾಕಿದಳು. ಅಂದು ನಾನೇ ಎದುರು ಕುಳಿತು ನೋಡುತ್ತೇನೆ, ಯಾರೋ ಗೆರೆ ಎಳೆದು ಪಾಲು ಮಾಡಿದಂತೆ ಅನ್ನದ ಎಡಭಾಗ ಮುಟ್ಟದೆ ಉಳಿದಿದೆ!

ಕಣ್ಣಿನಲ್ಲಿ ದೋಷವಿರಲಿಲ್ಲ. ಮಿದುಳು ಎಡಗಡೆಯ ಲೋಕದ ಕಡೆಗೆ ಗಮನ ಕೊಡುವುದನ್ನೇ ಬಿಟ್ಟಿತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಇದು ಅಪರೂಪವೇನಲ್ಲ. ಕಾಗದದ ಪರೀಕ್ಷೆಯಲ್ಲಿ ತಪ್ಪಿಸಿಕೊಂಡದ್ದು ಊಟದ ತಟ್ಟೆಯಲ್ಲಿ ಸಿಕ್ಕಿಬೀಳುವುದೂ ಉಂಟು. ಮರುದಿನ ಅವಳನ್ನು ಕೇಳಿದೆ. ‘ನನಗೆ ಮೊದಲ ದಿನವೇ ಗೊತ್ತಾಗಿತ್ತು ಮೇಡಂ. ಹೇಳಿದಷ್ಟು ಮಾಡಿದರೆ ಸಾಕು ಎಂದು ನೀವೇ ಒಮ್ಮೆ ಹೇಳಿದ್ದಿರಲ್ಲ’ ಎಂದಳು. ಹೌದು, ಹೇಳಿದ್ದೆ. ಆ ಮಾತಿಗೆ ಆ ಅಮ್ಮನ ಐದು ದಿನ ಹಾಳಾಯಿತು. ಥೆರಪಿಸ್ಟರು ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಆ ಮಾತನ್ನು ಎಂದೂ ಆಡಬೇಡಿ.

ಆಮೇಲೆ ದಾರಿ ಸಿಕ್ಕಿತು. ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದೆವು. ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು. ಮಗ ಎಡಗಡೆ ಕುಳಿತು ಮಾತನಾಡಬೇಕು. ಹೂವಿನ ಬುಟ್ಟಿಯನ್ನು ದಿನಕ್ಕಿಷ್ಟೆಂದು ಎಡಕ್ಕೆ ಸರಿಸುತ್ತಾ ಹೋದೆವು. ಈ ಕೊನೆಯ ಉಪಾಯ ಸಹಾಯಕಿಯದೇ.

ಅಮೆರಿಕದಲ್ಲಿ ಈ ಹುದ್ದೆಗೆ ಸಾಮಾನ್ಯವಾಗಿ ಎರಡು ವರ್ಷದ ಪ್ರತ್ಯೇಕ ಕೋರ್ಸ್ ಇದೆ. ರೋಗಿಯ ಸ್ಥಿತಿಯನ್ನು ಅಳೆದು ಚಿಕಿತ್ಸೆಯ ಯೋಜನೆ ಹಾಕುವ ಹೊಣೆ ಅಲ್ಲಿಯೂ ಥೆರಪಿಸ್ಟರದೇ. ಆದರೆ ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ನೀವು. ತೀರ್ಮಾನ ಅವರದು, ಸುದ್ದಿ ನಿಮ್ಮದು. ಸುದ್ದಿ ತಡವಾದರೆ ತೀರ್ಮಾನ ತಪ್ಪುತ್ತದೆ.

ಹೇಗೆ ಹೇಳುವುದು? ‘ಇವತ್ತು ಸರಿಯಾಗಿ ಮಾಡಲಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: ‘ಊಟಕ್ಕೆ ಕುಳಿತಿದ್ದರು. ಎಡಗಡೆಯ ಉಪ್ಪಿನಕಾಯಿ ಕಾಣಲಿಲ್ಲ. ತಟ್ಟೆ ತಿರುಗಿಸಿದ ಮೇಲೆ ಪೂರ್ತಿ ಉಂಡರು.’ ಏನು ಮಾಡುತ್ತಿದ್ದರು, ನಿಮಗೆ ಏನು ಕಂಡಿತು, ನೀವು ಎಷ್ಟು ನೆರವಾದಿರಿ: ಇಷ್ಟನ್ನು ಅಂದೇ ಬರೆಯಿರಿ, ಅಂದೇ ಹೇಳಿ. ನಾಳೆಗೆ ಇಟ್ಟುಕೊಳ್ಳಬೇಡಿ.

ದಿನದ ಕೆಲಸದ ನಿರ್ವಹಣೆಯ ಬಗ್ಗೆಯೂ ಹೇಳಬೇಕಿತ್ತು, ಸಮಯ ಸರಿಯುತ್ತಿದೆ. ಬೇಗ ಬೇಗ ಹೇಳುತ್ತೇನೆ. ಆಯಾಸವಾಗುವ ಅಭ್ಯಾಸಗಳನ್ನು ಬೆಳಿಗ್ಗೆಯೇ ಮುಗಿಸಿ. ಕೈ ಅಲುಗದಂತೆ ಸರಿಯಾಗಿ ಹಿಡಿದಿಡಲು ಹಾಕುವ ಪ್ಲಾಸ್ಟಿಕ್ ಆಸರೆ, ಅಂದರೆ ಸ್ಪ್ಲಿಂಟು, ಬಿಸಿಗೆ ಮೆತ್ತಗಾಗಿ ಆಕಾರ ಕೆಡುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬಾರದೆಂದು ಮನೆಯವರಿಗೆ ತಿಳಿಸಿ. ಹೊಸ ಸಹಾಯಕರು ಬಂದರೆ ಮೊದಲ ವಾರ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ, ಅವರು ಕಂಡದ್ದನ್ನು ಸಂಜೆ ಅವರ ಬಾಯಿಂದಲೇ ಹೇಳಿಸಿ.

ಆ ಅಮ್ಮ ಮನೆಗೆ ಹೋಗುವ ಮುನ್ನ ಒಂದು ಗೇಣು ಮಲ್ಲಿಗೆ ಕಟ್ಟಿದರು. ಗಂಟು ಸಡಿಲವಿತ್ತು. ಸಹಾಯಕಿ ಅದನ್ನು ಮುಡಿದುಕೊಂಡೇ ಅಂದಿನ ವರದಿ ಬರೆದಳು: ‘ಎಡಗಡೆಯ ಬುಟ್ಟಿಯಿಂದ ಹೂ ತಾವೇ ತೆಗೆದುಕೊಂಡರು. ನೆರವು ಬೇಕಾಗಲಿಲ್ಲ.’

ನಮಸ್ಕಾರ.