ದೂರದ ಕೋರ್ಟಿನ ಮದುವೆ ಕೇಸು ಕೊಡಗಿಗೆ ಬರುವ ದಾರಿ

ಕೇಳುಗರಿಗೆ ನಮಸ್ಕಾರ.

ಗಂಡ ಬೆಂಗಳೂರಿನಲ್ಲಿ, ಹೆಂಡತಿ ಮಗುವಿನೊಂದಿಗೆ ಗೋಣಿಕೊಪ್ಪದ ತವರಿನಲ್ಲಿ ಅಂದುಕೊಳ್ಳಿ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಿಂದ ವಿಚ್ಛೇದನದ ಸಮನ್ಸ್ ಬರುತ್ತದೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಳಿಗ್ಗೆ ಕೋರ್ಟು ಕೂರುವ ಹೊತ್ತಿಗೆ ಅಲ್ಲಿರಬೇಕಾದರೆ ರಾತ್ರಿ ಬಸ್ಸು ಹತ್ತಬೇಕು. ಅಷ್ಟು ಮಾಡಿದರೂ ಎಷ್ಟೋ ಸಲ ಕೈಗೆ ಸಿಗುವುದು ಮುಂದಿನ ತಾರೀಕು ಮಾತ್ರ. ಇಂಥ ಕೇಸನ್ನು ಕೊಡಗಿಗೆ ವರ್ಗಾಯಿಸಿಕೊಡಿ ಎಂದು ಕೇಳಲು ಕಾನೂನಿನಲ್ಲಿ ದಾರಿಯಿದೆ.

ಆದರೆ ವರ್ಗಾವಣೆ ಕೇಳುತ್ತೇವಲ್ಲ ಎಂದು ಸಮನ್ಸಿನ ತಾರೀಕನ್ನು ತಪ್ಪಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ವರ್ಗಾವಣೆಗೆ ಅರ್ಜಿ ಹಾಕಿದ ಮಾತ್ರಕ್ಕೆ ಮೂಲ ಕೇಸು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಮೇಲಿನ ಕೋರ್ಟಿನಿಂದ ತಡೆಯಾಜ್ಞೆ ಬೇಕು. ನಿಮ್ಮ ಕಡೆಯಿಂದ ಯಾರೂ ಹಾಜರಾಗದಿದ್ದರೆ ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ಕೇಸು ನಡೆಯುತ್ತದೆ; ಡಿಕ್ರಿಯೂ, ಅಂದರೆ ಕೋರ್ಟಿನ ಅಂತಿಮ ತೀರ್ಪೂ ಆಗಿಬಿಡಬಹುದು. ಅದನ್ನು ರದ್ದು ಮಾಡಿಸಲು ಸಾಮಾನ್ಯವಾಗಿ 30 ದಿನದೊಳಗೆ ಬೇರೆಯೇ ಅರ್ಜಿ ಹಾಕಬೇಕು. ಹಾಗಾಗಿ ಒಬ್ಬ ವಕೀಲರ ಮೂಲಕವಾದರೂ ಹಾಜರಾಗಿ, ಸಮಯ ಕೇಳಿ.

ಅರ್ಜಿ ಎಲ್ಲಿ ಹಾಕಬೇಕು? ಎರಡೂ ಕೋರ್ಟುಗಳು ಒಂದೇ ಜಿಲ್ಲೆಯಲ್ಲಿದ್ದು ಜಿಲ್ಲಾ ನ್ಯಾಯಾಲಯದ ಅಧೀನದಲ್ಲಿದ್ದರೆ ಜಿಲ್ಲಾ ನ್ಯಾಯಾಲಯವೇ ಸಾಕು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕೊಡಗಿಗೆ ಬರಬೇಕಾದರೆ ಹೈಕೋರ್ಟಿಗೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಹೋಗಬೇಕು. ಬೇರೆ ರಾಜ್ಯದಿಂದಾದರೆ 25ನೇ ಕಲಮು, ಸುಪ್ರೀಂ ಕೋರ್ಟು. ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ. ಆದರೂ ಅಲ್ಲಿನ ಕೇಸನ್ನು ಈಚೆ ತರಲು ದೆಹಲಿಯ ಬಾಗಿಲನ್ನೇ ತಟ್ಟಬೇಕು. ಒಂದು ರಾಜ್ಯದ ಹೈಕೋರ್ಟು ಇನ್ನೊಂದು ರಾಜ್ಯಕ್ಕೆ ಕೇಸು ವರ್ಗಾಯಿಸುವಂತಿಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಹೈಕೋರ್ಟಿನಲ್ಲಿ ಇದು ಸಿವಿಲ್ ಪಿಟಿಷನ್ ಎಂದು ದಾಖಲಾಗುತ್ತದೆ. ಜೊತೆಗೆ ನಿಮ್ಮ ಪ್ರಮಾಣಪತ್ರ (ಅಫಿಡವಿಟ್), ಮೂಲ ಅರ್ಜಿಯ ಪ್ರತಿ, ಆರ್ಡರ್ ಶೀಟ್ (ಪ್ರತಿ ತಾರೀಕಿಗೆ ಕೋರ್ಟು ಬರೆದ ಆದೇಶಗಳ ಹಾಳೆ), ವಾಸದ ದಾಖಲೆ ಇರಲಿ. ಇನ್ನು ಕಾರಣಗಳು. ‘ದೂರ ಆಗುತ್ತದೆ’ ಎಂದಷ್ಟೇ ಬರೆದ ಅರ್ಜಿಗೆ ಬಲ ಕಡಿಮೆ. ಆ ದೂರದಿಂದ ನಿಮಗೆ ಏನಾಗುತ್ತಿದೆ ಎಂಬುದು ಕಾಗದದಲ್ಲಿ ಕಾಣಬೇಕು. ಮಗು ಚಿಕ್ಕದಾದರೆ ಜನನ ಪ್ರಮಾಣಪತ್ರ, ಶಾಲೆಯ ಪತ್ರ; ಆದಾಯವಿಲ್ಲದಿದ್ದರೆ ಯಾರ ಆಸರೆಯಲ್ಲಿದ್ದೀರಿ ಎಂಬ ವಿವರ; ಕಾಯಿಲೆಯಿದ್ದರೆ ಆಸ್ಪತ್ರೆಯ ಚೀಟಿ. ಬೆದರಿಕೆ ಇದೆ ಎನ್ನುವುದಾದರೆ ಪೊಲೀಸ್ ದೂರಿನ ಪ್ರತಿ. ದೂರೇ ಕೊಡದೆ ಅರ್ಜಿಯಲ್ಲಿ ಮಾತ್ರ ಬೆದರಿಕೆ ಬರೆದರೆ ನಂಬಿಕೆ ಕೆಡುತ್ತದೆ. ಜೀವನಾಂಶದ ಕೇಸೋ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕೇಸೋ ಈಗಾಗಲೇ ಕೊಡಗಿನಲ್ಲಿ ನಡೆಯುತ್ತಿದ್ದರೆ ಅದರ ನಂಬರನ್ನು ಮರೆಯದೆ ಕೊಡಿ. ಗಂಡ ಅದಕ್ಕಾಗಿ ಹೇಗೂ ಇಲ್ಲಿಗೆ ಬರುತ್ತಿದ್ದಾರೆ ಎನ್ನುವುದು ಗಟ್ಟಿ ಕಾರಣ.

ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನುಕೂಲವನ್ನು ನೋಡಬೇಕು ಎಂದು 2022ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಹೆಂಗಸು ಕೇಳಿದಾಕ್ಷಣ ಕೊಡುವುದಿಲ್ಲ. ಈ ರಿಯಾಯಿತಿಯ ದುರುಪಯೋಗ ಆಗುತ್ತಿದೆ ಎಂದು ಅದೇ ಕೋರ್ಟು 2006ರಲ್ಲಿ ಅರ್ಜಿ ತಳ್ಳಿಹಾಕಿದ್ದೂ ಇದೆ. ‘ಬಸ್ ಚಾರ್ಜು, ಉಳಿಯುವ ಖರ್ಚು ನಾನು ಕೊಡುತ್ತೇನೆ’, ‘ವಿಡಿಯೊ ಕಾನ್ಫರೆನ್ಸ್‌ನಲ್ಲಿ ಬರಲಿ’ ಎಂದು ಎದುರಿನವರು ಹೇಳಬಹುದು, ಉತ್ತರ ಸಿದ್ಧವಿರಲಿ. ಗಂಡನೂ ವರ್ಗಾವಣೆ ಕೇಳಬಹುದು. ಹಾಸಿಗೆ ಹಿಡಿದ ತಂದೆತಾಯಿಯನ್ನು ನೋಡಿಕೊಳ್ಳುವವರು ತಾನೊಬ್ಬನೇ ಎಂದು ದಾಖಲೆಯೊಂದಿಗೆ ತೋರಿಸಿದರೆ ಅದೂ ತೂಕದ ಕಾರಣವೇ.

ಕೆಲವರು ಇನ್ನೊಂದು ಉಪಾಯ ಹೂಡುತ್ತಾರೆ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಂತೆ ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಹಾಗಾಗಿ ತಾವೂ ಇಲ್ಲೇ ಒಂದು ವಿಚ್ಛೇದನ ಕೇಸು ಹಾಕಿಬಿಡುವುದು. ಆದರೆ 21-ಎ ಕಲಮಿನ ಪ್ರಕಾರ ಎರಡನೆಯದಾಗಿ ಹಾಕಿದ ವಿಚ್ಛೇದನ ಅರ್ಜಿ ಮೊದಲನೆಯದು ಇರುವ ಕೋರ್ಟಿಗೆ ಹೋಗಬೇಕು. ಅಂದರೆ ನಿಮ್ಮದೂ ಬೆಂಗಳೂರಿಗೇ. ವರ್ಗಾವಣೆಯ ಅರ್ಜಿ ಹಾಕದೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಅರ್ಜಿಯ ಕೊನೆಯಲ್ಲಿ ಯಾವ ಕೋರ್ಟಿಗೆ ಎಂದು ಸರಿಯಾಗಿ ಬರೆಯಿರಿ. ಮನೆಗೆ ಹತ್ತಿರವಿದೆ ಎಂದು ಎಲ್ಲ ಕೋರ್ಟೂ ಮದುವೆ ಕೇಸು ನಡೆಸುವುದಿಲ್ಲ. ಆ ಅಧಿಕಾರವಿರುವ ಕೋರ್ಟಿಗೆ ಮಾತ್ರ ವರ್ಗಾವಣೆ.

ಖರ್ಚಿಗೆ ದಾರಿ ಎರಡು. ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ; ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಎರಡನೆಯದು, ವರ್ಗಾವಣೆ ಆಗುವವರೆಗೆ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಕೇಳುವುದು. ಅದು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು. ವರ್ಗಾವಣೆಯ ಸಿವಿಲ್ ಸಂಹಿತೆಯಲ್ಲೂ 24, ಇಲ್ಲೂ 24. ವಕೀಲರು ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ಆದೇಶವಾದ ಮೇಲೆ ದೃಢೀಕೃತ ಪ್ರತಿಯನ್ನು ಎರಡೂ ಕೋರ್ಟುಗಳಿಗೆ ತಲುಪಿಸಿ. ಕಡತ ಬಂದ ಮೇಲೆ ಕೇಸಿಗೆ ಇಲ್ಲಿ ಹೊಸ ನಂಬರು ಬೀಳುತ್ತದೆ. ಆದೇಶದಲ್ಲೇ ಹಾಜರಾಗುವ ತಾರೀಕು ಬರೆದಿದ್ದರೆ ಮತ್ತೆ ನೋಟಿಸು ಬರುತ್ತದೆಂದು ಕಾಯಬೇಡಿ, ಆ ದಿನವೇ ಹೋಗಿ.