ಓದೂ ಇರಲಿ, ಆಟವೂ ಇರಲಿ: ಸ್ಕೀಯಿಂಗ್ ಕೋಚ್ ಬಾಬ್ ಬೀಟಿ

ಎಲ್ಲರಿಗೂ ನಮಸ್ಕಾರ.

ಇಲ್ಲಿರುವವರಲ್ಲಿ ಹೆಚ್ಚಿನವರು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು. ಹಿಮವೇ ಬೀಳದ ನಮ್ಮೂರಲ್ಲಿ ಸ್ಕೀಯಿಂಗ್ ಕೋಚ್ ಒಬ್ಬರ ಕತೆ ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಚೆನ್ನಾಗಿ ಆಡುವ ಹುಡುಗನ ಅಪ್ಪ ಅಮ್ಮ ನಿಮ್ಮ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ ಯಾವುದು? "ಆಟ ಅಂತ ಹೋದರೆ ಓದಿನ ಗತಿ ಏನು ಸಾರ್?" ಅಂತ, ಅಲ್ವಾ? ಬಾಬ್ ಬೀಟಿ ತಮ್ಮ ಇಡೀ ವೃತ್ತಿಯನ್ನು ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಕಳೆದರು ಅಂತ ನಾನು ನಂಬಿದ್ದೇನೆ.

ಬೀಟಿ ಹುಟ್ಟಿದ್ದು 1933ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಓದಿದ್ದು ಮಿಡಲ್‌ಬರಿ ಕಾಲೇಜಿನಲ್ಲಿ, ಕೋಚಿಂಗ್ ಶುರು ಮಾಡಿದ್ದೂ ಅಲ್ಲೇ. 1957ರಲ್ಲಿ, ಇನ್ನೂ 24 ವರ್ಷ ವಯಸ್ಸಿರುವಾಗ, ಬೋಲ್ಡರ್ ಊರಿನ ಕೊಲೊರಾಡೊ ವಿಶ್ವವಿದ್ಯಾಲಯದ ಸ್ಕೀ ತಂಡಕ್ಕೆ ಮುಖ್ಯ ಕೋಚ್ ಆಗಿ ಬಂದರು.

ಆ ಕಾಲದ ಕಾಲೇಜು ಸ್ಕೀಯಿಂಗ್ ಅಂದರೆ ಒಂದೇ ಆಟ ಅಲ್ಲ. ಡೌನ್‌ಹಿಲ್, ಸ್ಲಾಲಮ್, ಕ್ರಾಸ್ ಕಂಟ್ರಿ, ಸ್ಕೀ ಜಂಪಿಂಗ್, ಹೀಗೆ ನಾಲ್ಕೂ ವಿಭಾಗದ ಅಂಕ ಸೇರಿ ತಂಡದ ಗೆಲುವು ತೀರ್ಮಾನವಾಗುತ್ತಿತ್ತು. ಇಳಿಜಾರಲ್ಲಿ ವೇಗವಾಗಿ ಇಳಿಯುವವನ ಕಾಲು ಬೇರೆ, ಹಿಮದ ಮೇಲೆ ಮೈಲಿಗಟ್ಟಲೆ ಓಡುವವನ ಶ್ವಾಸಕೋಶ ಬೇರೆ, ಗಾಳಿಯಲ್ಲಿ ಹಾರುವವನ ಧೈರ್ಯವೇ ಬೇರೆ. ಇವರೆಲ್ಲರನ್ನೂ ಒಬ್ಬನೇ ಕೋಚ್ ತಯಾರು ಮಾಡಬೇಕು. ಬೀಟಿ ಇದಕ್ಕೆ ಅಮೆರಿಕನ್ ಫುಟ್‌ಬಾಲ್ ತಂಡಗಳ ಶೈಲಿಯ ಕಸರತ್ತು ತಂದರು. ಹಿಮ ಬೀಳುವ ಮೊದಲೇ, ಬರೀ ನೆಲದ ಮೇಲೆ, ಮೈ ಮುರಿಯುವ ತರಬೇತಿ.

ಎದುರಾಳಿ ದೂರದವರಲ್ಲ. ಪಕ್ಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಜರ್ಮನಿಯಿಂದ ಬಂದ ವಿಲ್ಲಿ ಶೆಫ್ಲರ್ ಕೋಚ್. 1954ರಲ್ಲಿ ಶುರುವಾದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಮೊದಲ ನಾಲ್ಕೂ ಪಟ್ಟ ಅವರದ್ದೇ. ಶೆಫ್ಲರ್ ತಂಡದಲ್ಲಿ ನಾರ್ವೆಯ ಹುಡುಗರು ಜಾಸ್ತಿ. ಬೀಟಿ ಮಾತ್ರ ಅಮೆರಿಕದ ಹುಡುಗರನ್ನೇ ಬೆಳೆಸಬೇಕು ಅಂತ ಹಟ ಹಿಡಿದರು. 1959 ಮತ್ತು 1960ರಲ್ಲಿ ಕೊಲೊರಾಡೊ ಗೆದ್ದಿತು. ಆಮೇಲೆ ಡೆನ್ವರ್ ಮತ್ತೆ ಏಳು ವರ್ಷ ಬಿಟ್ಟುಕೊಡಲಿಲ್ಲ. ಇಡೀ ವೃತ್ತಿಯ ಪಟ್ಟ ಎಣಿಸಿದರೆ ಶೆಫ್ಲರ್ ಅವರದ್ದು 13, ಬೀಟಿ ಅವರದ್ದು ಎರಡೇ. ಆದರೂ ನಾನು ಬೀಟಿ ಬಗ್ಗೆ ಮಾತಾಡಲು ಬಂದಿದ್ದೇನೆ.

ಯಾಕಂದರೆ 1961ರಲ್ಲಿ ಬೀಟಿ ಅಮೆರಿಕದ ರಾಷ್ಟ್ರೀಯ ಆಲ್ಪೈನ್ (ಇಳಿಜಾರಿನ ಸ್ಕೀಯಿಂಗ್) ತಂಡದ ಕೋಚ್ ಆದರು, ಕಾಲೇಜಿನ ಕೆಲಸವನ್ನೂ ಬಿಡಲಿಲ್ಲ. ಆಸ್ಟ್ರಿಯಾ, ಫ್ರಾನ್ಸ್‌ನ ಆಟಗಾರರಿಗೆ ಸ್ಕೀಯಿಂಗೇ ಬದುಕು. ಅಮೆರಿಕದ ಹುಡುಗರು ವಿದ್ಯಾರ್ಥಿಗಳು, ಚಳಿಗಾಲ ಬಂದರೆ ಕ್ಲಾಸು ತಪ್ಪುತ್ತದೆ, ಪರೀಕ್ಷೆ ತಪ್ಪುತ್ತದೆ. ಬೀಟಿ ಏನು ಮಾಡಿದರು? ರಾಷ್ಟ್ರೀಯ ತಂಡವನ್ನೇ ಬೋಲ್ಡರ್‌ಗೆ ತಂದು, ಅಲ್ಲೇ ಓದಿ, ಅಲ್ಲೇ ತರಬೇತಿ ಪಡೆಯಿರಿ ಅಂದರು. ಈಗ ಕೇಳಿದರೆ ಸುಲಭ ಅನ್ನಿಸುತ್ತದೆ. ಆಗ ಯಾರೂ ಮಾಡಿರಲಿಲ್ಲ.

ಫಲ ಕಂಡದ್ದು 1964ರ ಫೆಬ್ರುವರಿ 8ರಂದು, ಆಸ್ಟ್ರಿಯಾದ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ. ಅಲ್ಲಿಯವರೆಗೆ ಅಮೆರಿಕದ ಪುರುಷರಿಗೆ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಒಂದೇ ಒಂದು ಒಲಿಂಪಿಕ್ ಪದಕ ಬಂದಿರಲಿಲ್ಲ. ಆ ಕೂಟದಲ್ಲೂ ಡೌನ್‌ಹಿಲ್, ಜೈಂಟ್ ಸ್ಲಾಲಮ್ ಎರಡೂ ಬರಿಗೈಯಲ್ಲಿ ಮುಗಿದಿದ್ದವು. ಉಳಿದಿದ್ದು ಸ್ಲಾಲಮ್ ಒಂದೇ. ಹಿಮದಲ್ಲಿ ನೆಟ್ಟ ಕಂಬಗಳ ನಡುವೆ ಎಡಕ್ಕೂ ಬಲಕ್ಕೂ ತಿರುಗುತ್ತಾ ಎರಡು ಸಲ ಇಳಿಯಬೇಕು, ಎರಡರ ಸಮಯ ಕೂಡಿಸುತ್ತಾರೆ. ಒಂದು ಗೇಟ್ ತಪ್ಪಿದರೆ ಕತೆ ಮುಗೀತು. ಆಸ್ಟ್ರಿಯಾದ ಪೆಪಿ ಸ್ಟೀಗ್ಲರ್ ಚಿನ್ನ ಗೆದ್ದರು. ಅವರಿಗಿಂತ ಬರೀ 0.14 ಸೆಕೆಂಡ್ ಹಿಂದೆ ಬೀಟಿ ತಂಡದ ಬಿಲ್ಲಿ ಕಿಡ್‌ಗೆ ಬೆಳ್ಳಿ, ಅದೇ ತಂಡದ ಜಿಮ್ಮಿ ಹ್ಯೂಗಾಗೆ ಕಂಚು. ಇಬ್ಬರಿಗೂ ಇಪ್ಪತ್ತೇ ವರ್ಷ. ಅಂದಹಾಗೆ, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮೊದಲು ಇಳಿದ ಜೆರೆಮಿ ಬುಜಾಕೋವ್ಸ್ಕಿ ಸ್ಪರ್ಧಿಸಿದ್ದೂ ಇದೇ ಇನ್ಸ್‌ಬ್ರುಕ್‌ನಲ್ಲಿ.

ಅದೇ ಸ್ಲಾಲಮ್‌ನಲ್ಲಿ ಎಂಟನೆಯವರಾಗಿ ಬಂದವರು ಬಡಿ ವರ್ನರ್. ಆ ತಂಡದ ಹಿರಿಯಣ್ಣ ಅವರು. 1960ರ ಒಲಿಂಪಿಕ್ಸ್ ಅನ್ನು ಕಾಲು ಮುರಿದು ಕಳೆದುಕೊಂಡಿದ್ದರು. ಇನ್ಸ್‌ಬ್ರುಕ್ ಮುಗಿದು ಎರಡು ತಿಂಗಳಿಗೆ, ಸ್ವಿಟ್ಜರ್ಲೆಂಡ್‌ನಲ್ಲಿ ಸಿನಿಮಾ ಚಿತ್ರೀಕರಣದ ವೇಳೆ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ತಾವೇ ತರಬೇತಿ ಕೊಟ್ಟ ಹುಡುಗನನ್ನು ಕಳೆದುಕೊಳ್ಳುವ ನೋವು ನಿಮಗೆ ನಾನು ವಿವರಿಸಬೇಕಿಲ್ಲ.

ನಾಲ್ಕು ವರ್ಷಕ್ಕೆ ಒಂದೇ ದಿನ, ಒಂದೇ ಓಟ, ಅವತ್ತು ಜಾರಿದರೆ ಎಲ್ಲಾ ನೀರುಪಾಲು. ಇದು ನ್ಯಾಯವಲ್ಲ ಅಂತ ಅನ್ನಿಸಿದವರಲ್ಲಿ ಬೀಟಿಯೂ ಒಬ್ಬರು. ಫ್ರೆಂಚ್ ಪತ್ರಕರ್ತ ಸೆರ್ಜ್ ಲಾಂಗ್, ಫ್ರಾನ್ಸ್ ತಂಡದ ಕೋಚ್ ಒನೊರೆ ಬೊನೆ ಜೊತೆ ಸೇರಿ ಸ್ಕೀ ವಿಶ್ವಕಪ್ ರೂಪಿಸಿದರು. 1967ರ ಜನವರಿಯಲ್ಲಿ ಜರ್ಮನಿಯ ಬೆರ್ಖ್ಟೆಸ್‌ಗಾಡೆನ್‌ನಲ್ಲಿ ಶುರುವಾಯಿತು. ಇಡೀ ಸೀಸನ್‌ನ ಅಂಕ ಕೂಡಿಸಿ ಗೆದ್ದವರನ್ನು ಆರಿಸುವ ಪದ್ಧತಿ ಅದು, ಇವತ್ತಿಗೂ ನಡೆಯುತ್ತಿದೆ.

1968ರ ಫ್ರಾನ್ಸ್‌ನ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಬೀಟಿ ಅವರ ತಂಡಕ್ಕೆ ಒಂದೂ ಪದಕ ಬರಲಿಲ್ಲ. ಮರುವರ್ಷ ಹುದ್ದೆ ಬಿಟ್ಟರು. ಆಮೇಲೆ ವೃತ್ತಿಪರ ಸ್ಕೀಯಿಂಗ್ ಪಂದ್ಯಗಳನ್ನು ಕಟ್ಟಿದರು, ಟಿವಿಯಲ್ಲಿ ವೀಕ್ಷಕ ವಿವರಣೆ ಕೊಟ್ಟರು. ತೀರಿಕೊಂಡಿದ್ದು 2018ರಲ್ಲಿ, 85ನೇ ವಯಸ್ಸಿನಲ್ಲಿ.

ಅವರ ಕೈಕೆಳಗೆ ಆಡಿದ ಬಿಲ್ ಮರೋಲ್ಟ್ ಇನ್ಸ್‌ಬ್ರುಕ್ ತಂಡದಲ್ಲಿದ್ದವರು. ಮುಂದೆ ಅದೇ ಕೊಲೊರಾಡೊ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದು, 1972ರಿಂದ 1978ರವರೆಗೆ ಸತತ ಏಳು ರಾಷ್ಟ್ರೀಯ ಪಟ್ಟ ಗೆದ್ದರು. ಬೀಟಿ ಅವರ ಲೆಕ್ಕ ಬರೆಯುವಾಗ ಆ ಏಳರಲ್ಲೂ ಅವರಿಗೆ ಒಂದು ಪಾಲು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಈಗ ಚರ್ಚೆ ಮಾಡೋಣ, ಪ್ರಶ್ನೆಗಳಿದ್ದರೆ ಕೇಳಿ.