ಕೆಮ್ಮಿಲ್ಲದವರ ಕೆಮ್ಮಿನ ಔಷಧಿ

ಕೇಳುಗರಿಗೆ ನಮಸ್ಕಾರ.

ಒಂದು ಸಂಜೆ ನನ್ನ ದವಾಖಾನೆಗೆ ಮೂವತ್ತರ ಆಸುಪಾಸಿನ ಲಾರಿ ಚಾಲಕರೊಬ್ಬರು ಬಂದು, ಕೆಮ್ಮಿಗೆ ಸಿರಪ್ ಬರೆದುಕೊಡಿ ಎಂದರು. ಸಿರಪ್ಪಿನ ಹೆಸರನ್ನೂ ಅವರೇ ಹೇಳಿದರು. ಎದೆ ಪರೀಕ್ಷಿಸಿದರೆ ಉಸಿರು ತಿಳಿಯಾಗಿತ್ತು. ಕುಳಿತಷ್ಟು ಹೊತ್ತೂ ಒಮ್ಮೆಯೂ ಕೆಮ್ಮಲಿಲ್ಲ. ಆದರೆ ಆಕಳಿಕೆಯ ಮೇಲೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು. ಆ ಬೇಸಗೆಯ ಸೆಕೆಯಲ್ಲೂ ತೋಳಿನ ರೋಮ ನಿಮಿರಿ ನಿಂತಿತ್ತು. ಚಟ ಹಿಡಿಸಿದ ಔಷಧಿ ಸಿಗದಾಗ ದೇಹ ತೋರುವ ಲಕ್ಷಣಗಳಿವು.

"ದಿನಕ್ಕೆ ಎಷ್ಟು ಬಾಟಲಿ?" ಎಂದು ಮೆಲ್ಲಗೆ ಕೇಳಿದೆ. ನೆಲ ನೋಡುತ್ತಲೇ ಮೂರು ಬೆರಳು ತೋರಿಸಿದರು.

ಅವರು ಕೇಳಿದ ಸಿರಪ್ಪಿನಲ್ಲಿರುವ ಕೊಡೀನ್ ಅಫೀಮಿನ ಕುಲದ್ದು. ಯಕೃತ್ತಿನಲ್ಲಿ ಅದರ ಒಂದು ಪಾಲು ಮಾರ್ಫಿನ್ ಆಗುತ್ತದೆ. ಇಂಥ ಸಿರಪ್‌ನ 5 ಮಿ.ಲೀ.ನಲ್ಲಿ ಸಾಮಾನ್ಯವಾಗಿ 10 ಮಿ.ಗ್ರಾಂ ಕೊಡೀನ್ ಇರುತ್ತದೆ, 100 ಮಿ.ಲೀ. ಬಾಟಲಿಗೆ 200, ಅವರ ಮೂರು ಬಾಟಲಿಗೆ 600. ಜೊತೆಯಲ್ಲಿರುವ ಕ್ಲೋರ್‌ಫೆನಿರಮಿನ್ ಎಂಬ ಅಲರ್ಜಿ ಔಷಧ ಅತಿಯಾದರೆ ಫಿಟ್ಸ್ ಕೂಡ ಬರಬಹುದು. ಮದ್ಯದಂತೆ ವಾಸನೆ ಹೊಡೆಯುವುದಿಲ್ಲ, ಹಾಗಾಗಿ ಮನೆಯವರಿಗೆ ತಿಳಿಯುವುದೇ ತಡ. ಬಿಡದ ಮಲಬದ್ಧತೆ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಹಾಳಾದ ಹಲ್ಲು, ಹಾಸಿಗೆಯಡಿಯ ಖಾಲಿ ಬಾಟಲಿ ಕಂಡರೆ ಅನುಮಾನಿಸಿ.

ಕೊಡೀನ್ ಎಚ್-1 ಪಟ್ಟಿಯ ಔಷಧ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಾಗಿದ್ದ ಮೇಲೆ, ಸಹೋದ್ಯೋಗಿಗಳೇ, ನೆಗಡಿಯ ಕೆಮ್ಮಿಗೆ ನಾವು ಇದನ್ನು ಬರೆಯಲೇಬೇಕೇ?

ಆ ಚಾಲಕರನ್ನು ಗದರಿಸಿ ಕಳಿಸಿದ್ದರೆ ಮುಂದಿನ ಬೀದಿಯ ಅಂಗಡಿಗೆ ಹೋಗುತ್ತಿದ್ದರು. ನಾಳೆಯಿಂದಲೇ ಬಿಡಿ ಎಂದಿದ್ದರೂ ಅಷ್ಟೇ. ಒಂದು ದಿನದೊಳಗೆ ಮೈಕೈ ನೋವು, ಹೊಟ್ಟೆ ನುಲಿತ, ಭೇದಿ, ನಿದ್ದೆಗೇಡು ಶುರುವಾಗಿ ಎರಡು ಮೂರನೆಯ ದಿನಕ್ಕೆ ತಾರಕಕ್ಕೇರುತ್ತವೆ. ಅದನ್ನು ತಾಳಲಾರದೆಯೇ ಜನ ಮತ್ತೆ ಬಾಟಲಿ ಹಿಡಿಯುವುದು. ಅದು ಅವರ ದುರ್ಬುದ್ಧಿಯಲ್ಲ, ದೇಹದ ಒತ್ತಾಯ. ಕಡಿಮೆ ಕುಡಿಯುವವರಿಗೆ ಅಳತೆಯನ್ನು ವಾರವಾರ ಇಳಿಸುತ್ತಾ, ನೋವು ಭೇದಿಗಳಿಗೆ ಔಷಧ ಕೊಡುತ್ತಾ ಬಿಡಿಸಬಹುದು. ಇವರಂಥವರಿಗೆ ಮನೋವೈದ್ಯರ ನಿಗಾದಲ್ಲಿ, ಇಂಥ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್ ಎಂಬ ಔಷಧ ಬೇಕಾಗುತ್ತದೆ. ಅವರೆದುರಿಗೇ ಫೋನ್ ಮಾಡಿ ಮನೋವೈದ್ಯರ ಬಳಿ ಸಮಯ ಗೊತ್ತುಮಾಡಿದೆ. ಅಲ್ಲಿಯವರೆಗೆ ಲಾರಿ ಓಡಿಸಬೇಡಿ ಎಂದೆ, ಒಪ್ಪಿದರು.

ಜೊತೆಗಿದ್ದ ಹೆಂಡತಿಗೂ ಒಂದು ಮಾತು ಹೇಳಿದೆ: ಕೆಲವು ದಿನ ಬಿಟ್ಟವರು ಮತ್ತೆ ಹಳೆಯ ಅಳತೆಯಲ್ಲಿ ಕುಡಿದರೆ ಉಸಿರೇ ನಿಲ್ಲಬಹುದು, ಮದ್ಯ, ನಿದ್ದೆ ಮಾತ್ರೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಚಟ ಬಿಡಲು ನೆರವು ಬೇಕಾದವರು 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.